ಊಹಿಸಿದರೆ ಸಾಲದು, ಕೇಳಬೇಕು

(ಹಾಸನದ ಕಾಲೇಜೊಂದರಲ್ಲಿ ಮಾರ್ಚ್ 21ರಂದು ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ವಿದ್ಯಾರ್ಥಿಗಳು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾರ್ಚ್ 21ನ್ನು ಜನಾಂಗ ಭೇದದ ವಿರುದ್ಧದ ದಿನ ಅಂತ ವಿಶ್ವಸಂಸ್ಥೆ 1966ರಲ್ಲಿ ಗೊತ್ತು ಮಾಡಿತು. ಈ ದಿನವೇ ಯಾಕೆ? 1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್ ಎಂಬಲ್ಲಿ ಪೊಲೀಸರು ಜನರ ಮೇಲೆ ಗುಂಡು ಹಾರಿಸಿದರು. ಸರ್ಕಾರಿ ಲೆಕ್ಕದಲ್ಲೇ 69 ಜನ ಸತ್ತರು. ಅವರು ಯಾರ ಮನೆಗೂ ಬೆಂಕಿ ಇಡಲು ಬಂದವರಲ್ಲ. ಆ ದೇಶದಲ್ಲಿ ಕಪ್ಪು ಜನ ಮನೆಯಿಂದ ಹೊರಗೆ ಕಾಲಿಟ್ಟರೆ ಒಂದು ಪಾಸ್ ಪುಸ್ತಕ ಜೊತೆಗಿರಲೇಬೇಕಿತ್ತು. ಯಾವ ಊರಿನಲ್ಲಿ ಇರಬಹುದು, ಯಾರ ಹತ್ತಿರ ಕೆಲಸ ಮಾಡಬಹುದು, ಎಲ್ಲ ಅದರಲ್ಲಿ ಬರೆದಿರುತ್ತಿತ್ತು. ಹುಟ್ಟಿದ ನೆಲದಲ್ಲೇ ಹೀಗೆ. ಅವತ್ತು ಜನ ಆ ಪುಸ್ತಕವನ್ನು ಮನೆಯಲ್ಲೇ ಬಿಟ್ಟು ಪೊಲೀಸ್ ಠಾಣೆ ಮುಂದೆ ಬಂದು ನಿಂತರು. ನಮ್ಮ ಹತ್ತಿರ ಪಾಸ್ ಇಲ್ಲ, ಬೇಕಾದರೆ ಹಿಡಿದು ಒಳಗೆ ಹಾಕಿ ಅನ್ನುವುದು ಅವರ ಹೋರಾಟ. ಅದಕ್ಕೆ ಸಿಕ್ಕ ಉತ್ತರ ಗುಂಡು. ಬಹಳ ಜನರಿಗೆ ಏಟು ಬಿದ್ದಿದ್ದು ಬೆನ್ನಿಗೆ. ಅಂದರೆ ಓಡಿಹೋಗುತ್ತಿದ್ದವರಿಗೆ.

ಪಾಸ್ ಪುಸ್ತಕದ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ. ಅದು ಮತ್ತೆ ಬರುತ್ತದೆ.

ಬಿಳಿಯರು ಕರಿಯರು ಅನ್ನೋದೆಲ್ಲ ಅಮೆರಿಕದ್ದು, ಆಫ್ರಿಕಾದ್ದು, ನಮ್ಮ ಹಾಸನದಲ್ಲಿ ಅದೆಲ್ಲಿದೆ ಅಂತ ನಿಮಗೆ ಅನ್ನಿಸಬಹುದು. ನಮ್ಮಲ್ಲಿ ಜಾತಿ ಇದೆ, ಅದರ ಬಗ್ಗೆ ಮಾತಾಡಿ ಅಂತಲೂ ಅನ್ನಿಸಬಹುದು. ಜಾತಿಯ ಬಗ್ಗೆ ಎಷ್ಟು ಮಾತಾಡಿದರೂ ಕಡಿಮೆಯೇ. ಆದರೆ ಮುಖ ನೋಡಿ, ಮೈಬಣ್ಣ ನೋಡಿ ಇವರು ಇಂಥವರು ಅಂತ ತೀರ್ಮಾನ ಮಾಡುವ ಕೆಲಸ ನಮ್ಮಲ್ಲೂ ದಿನಾ ನಡೆಯುತ್ತದೆ. 'ಕಪ್ಪಾದ್ರೂ ಲಕ್ಷಣವಾಗಿದ್ದಾಳೆ' ಅನ್ನುವ ಮಾತನ್ನು ಹೆಣ್ಣು ನೋಡೋ ಶಾಸ್ತ್ರದಲ್ಲಿ ಕೇಳದ ಮನೆ ಈ ಜಿಲ್ಲೆಯಲ್ಲಿ ಎಷ್ಟಿದೆ? ಬೆಳ್ಳಗಾಗುವ ಕ್ರೀಮು 1975ರಿಂದ ನಮ್ಮ ದೇಶದ ಅಂಗಡಿಗಳಲ್ಲಿದೆ. 2020ರಲ್ಲಿ ಫೇರ್ ಅಂಡ್ ಲವ್ಲಿ ಹೋಗಿ ಗ್ಲೋ ಅಂಡ್ ಲವ್ಲಿ ಬಂತು. ಡಬ್ಬಿಯ ಮೇಲಿನ ಹೆಸರು ಬದಲಾಯಿತು, ಕೊಳ್ಳುವವರ ಆಸೆ ಬದಲಾಗಲಿಲ್ಲ. ಅದೇ ಜನ ಬೇಲೂರಿಗೆ ಹೋದರೆ ಕಪ್ಪು ಕಲ್ಲಿನ ಶಿಲಾಬಾಲಿಕೆಯ ಮುಂದೆ ಕತ್ತೆತ್ತಿ ನಿಂತು ಎಷ್ಟು ಚೆಂದ ಅಂತಾರೆ. ಚರ್ಮದ ಬಣ್ಣ ಅಂದರೆ ಮೆಲನಿನ್ ಅನ್ನುವ ಒಂದು ವಸ್ತು, ಅಷ್ಟೇ. ಬಿಸಿಲು ಜಾಸ್ತಿ ಇರುವ ಕಡೆ ಸಾವಿರಾರು ವರ್ಷ ಬದುಕಿದವರಿಗೆ ಅದು ಹೆಚ್ಚು, ಬಿಸಿಲು ಕಡಿಮೆ ಇರುವ ಕಡೆ ಬದುಕಿದವರಿಗೆ ಕಡಿಮೆ. ಬುದ್ಧಿಗೂ ನಡತೆಗೂ ಅದಕ್ಕೂ ಏನೂ ಸಂಬಂಧ ಇಲ್ಲ.

ಸುಮ್ನೆ ಮಾತಿನಲ್ಲಿ ಮುಗಿದರೆ ಇಷ್ಟು ಹೇಳಬೇಕಾಗಿರಲಿಲ್ಲ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ಒಂದು ಅಪಘಾತ ಆಯಿತು. ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಹಾಯ್ದು ಒಬ್ಬ ಹೆಂಗಸು ತೀರಿಕೊಂಡರು. ಜನ ಸೇರಿದರು, ಸಿಟ್ಟು ಬಂತು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿ ಇದ್ದವರು ತಾಂಜಾನಿಯಾದ ವಿದ್ಯಾರ್ಥಿಗಳು. ಗುಂಪು ಅವರನ್ನು ಹೊರಗೆಳೆದು ಹೊಡೆಯಿತು, ಹುಡುಗಿಯೊಬ್ಬಳ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು. ಅವಳಿಗೂ ಅಪಘಾತಕ್ಕೂ ಸಂಬಂಧವೇ ಇಲ್ಲ. ಸುಡಾನಿನ ರಾಜಧಾನಿಗೂ ತಾಂಜಾನಿಯಾದ ದೊಡ್ಡ ಪಟ್ಟಣ ದಾರ್ ಎಸ್ ಸಲಾಮ್‌ಗೂ ಎರಡೂವರೆ ಸಾವಿರ ಕಿಲೋಮೀಟರ್ ಆಸುಪಾಸು ದೂರ. ನಮಗೂ ದೆಹಲಿಗೂ ಇರುವುದಕ್ಕಿಂತ ಜಾಸ್ತಿ. ಆ ರಾತ್ರಿ ಗುಂಪಿಗೆ ಕಂಡಿದ್ದು ಒಂದೇ, ಬಣ್ಣ.

ಅದಕ್ಕೂ ಮುಂಚೆ, 2012ರ ಆಗಸ್ಟ್. ಈಶಾನ್ಯದವರ ಮೇಲೆ ಹಲ್ಲೆ ಆಗುತ್ತದೆ ಅನ್ನುವ ಸುಳ್ಳು ಸುದ್ದಿ ಮೊಬೈಲಿನಲ್ಲಿ ಹರಿದಾಡಿತು. ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಟ್ಟೊಟ್ಟಿಗೆ ಸಂದೇಶ ಕಳಿಸುವುದಕ್ಕೆ ಸರ್ಕಾರ ಮಿತಿ ಹಾಕಿತು. ಸುದ್ದಿ ಸುಳ್ಳು, ನಿಜ. ಆದರೆ ಅಷ್ಟು ಜನ ಅದನ್ನು ನಂಬಿದರಲ್ಲ, ಯಾಕೆ ನಂಬಿದರು? ಅಕ್ಕಪಕ್ಕದವರು ತಮ್ಮ ಪರವಾಗಿ ನಿಲ್ಲುತ್ತಾರೆ ಅನ್ನುವ ಧೈರ್ಯ ಇದ್ದಿದ್ದರೆ ಯಾರೂ ರಾತ್ರೋರಾತ್ರಿ ಊರು ಬಿಡುತ್ತಿರಲಿಲ್ಲ. ನನಗೆ ಇದು ಆ ಸುಳ್ಳು ಸುದ್ದಿಗಿಂತ ದೊಡ್ಡ ವಿಷಯ ಅನ್ನಿಸುತ್ತದೆ.

ಇನ್ನು ಹೊರಗಿನವರು ಅನ್ನುವ ಮಾತಿಗೆ ಬರೋಣ. ಇವತ್ತು ಮಧ್ಯಾಹ್ನ ನಿಮ್ಮ ಹಾಸ್ಟೆಲಿನಲ್ಲಿ ಮುದ್ದೆ, ಅಲಸಂದೆ ಕಾಳಿನ ಸಾರು ಅಂತ ಕೇಳಿದೆ. ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ. ಅಲಸಂದೆ ಕೂಡ ಆಫ್ರಿಕಾದ್ದೇ. ಸಾರಿಗೆ ಹಿಂಡುವ ಹುಣಸೆಯ ಮೂಲವೂ ಅಲ್ಲೇ. ಊಟ ಆದ ಮೇಲೆ ಕುಡಿಯುವ ಕಾಫಿ ಇಥಿಯೋಪಿಯಾದಿಂದ ಯೆಮನ್‌ಗೆ ಹೋಗಿ, ಅಲ್ಲಿಂದ ಬಾಬಾಬುಡನ್ ತಂದ ಏಳು ಬೀಜಗಳಾಗಿ ನಮ್ಮ ಚಿಕ್ಕಮಗಳೂರಿನ ಗಿರಿಗೆ ಬಂತು ಅಂತ ಪ್ರತೀತಿ. ಹಾಸನದವರ ತಟ್ಟೆ, ಲೋಟ ಎರಡೂ ತುಂಬಿರುವುದು ಆಫ್ರಿಕಾದ ಗಿಡಗಳಿಂದ. ಅಲ್ಲಿಂದ ಬಂದ ಗಿಡ ನಮ್ಮದಾಯಿತು. ಅಲ್ಲಿಂದ ಬಂದ ಮನುಷ್ಯರು ಆಗಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿಗಳನ್ನೇ ನೋಡಿ. ಅವರ ಹಿರಿಯರನ್ನು ಶತಮಾನಗಳ ಹಿಂದೆ ಆಫ್ರಿಕಾದಿಂದ ತಂದಿದ್ದು, ಬಹಳಷ್ಟು ಜನರನ್ನು ಗುಲಾಮರಾಗಿ. ಎಷ್ಟೋ ತಲೆಮಾರಿನಿಂದ ಕನ್ನಡ, ಕೊಂಕಣಿ ಆಡಿಕೊಂಡು ಇಲ್ಲೇ ಬದುಕಿದ್ದಾರೆ. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿನ ಸದಸ್ಯರೂ ಆದರು. ಆದರೂ ಒಬ್ಬ ಸಿದ್ದಿ ಹುಡುಗ ಬೆಂಗಳೂರಿನಲ್ಲಿ ಬಸ್ಸು ಹತ್ತಿದರೆ ಯಾವ ದೇಶ ಅಂತ ಇಂಗ್ಲಿಷಿನಲ್ಲಿ ಕೇಳುವವರು ಇದ್ದೇ ಇರುತ್ತಾರೆ.

ಇದಕ್ಕೆ ಉಲ್ಟಾ ಒಂದು ಕಥೆ ನಮ್ಮ ಜಿಲ್ಲೆಯಲ್ಲೇ ಇದೆ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ ಗೊತ್ತಲ್ವಾ? ಹಕ್ಕಿಪಿಕ್ಕಿಗಳ ಊರು. ಅವರ ಹಿರಿಯರು ಬೇಟೆ ಆಡಿ ಬದುಕಿದವರು. ಈಗ ತಲೆಗೂದಲ ಎಣ್ಣೆ, ಗಿಡಮೂಲಿಕೆ ಮಾರಿಕೊಂಡು ಆಫ್ರಿಕಾದ ದೇಶಗಳಿಗೆಲ್ಲ ಹೋಗಿ ಬರುತ್ತಾರೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದರು. ಸರ್ಕಾರ ಆಪರೇಷನ್ ಕಾವೇರಿ ಅಂತ ಹಡಗು, ವಿಮಾನ ಕಳಿಸಿ 3,800ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು. ಟಿವಿ ಮುಂದೆ ಕೂತು ನಾವೆಲ್ಲ ನಮ್ಮವರು, ನಮ್ಮ ಕನ್ನಡದವರು ಅಂತ ಮರುಗಿದೆವು. ಸರಿಯೇ. ಅದೇ ಜನ ಅದಕ್ಕೆ ಮುಂಚೆ ನಮ್ಮ ಬೀದಿಯಲ್ಲಿ ಎಣ್ಣೆ ಮಾರಿಕೊಂಡು ಬಂದಾಗ ಅಂಗಳದ ಸಾಮಾನು ಒಳಗಿಡಿ ಅಂದ ಮನೆಗಳೂ ಇಲ್ಲೇ ಇವೆ. ಸುಡಾನಿನ ಬೀದಿಯಲ್ಲಿ ಅವರು ಹೊರಗಿನವರು, ಬೇಲೂರಿನ ಬೀದಿಯಲ್ಲೂ ಹೊರಗಿನವರೇ.

ಈಗ ನಾನು ನಿಜವಾಗಿ ಹೇಳಬೇಕು ಅಂತ ಬಂದ ಮಾತು.

ಇಂಥ ಕಾರ್ಯಕ್ರಮಗಳಲ್ಲಿ ಎಲ್ಲರೂ ಹೇಳುವುದು ಒಂದೇ: ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚನೆ ಮಾಡಿ. ಒಳ್ಳೆಯ ಮಾತು. ಆದರೆ ಸಾಲದ ಮಾತು. ಯಾಕೆ ಅಂತ ನಮ್ಮ ಶಾಲೆಯಲ್ಲಿ ನಡೆದ ಒಂದು ಸಂಗತಿ ಹೇಳಿದರೆ ಗೊತ್ತಾಗುತ್ತದೆ.

ನಾನು ಪಾಠ ಮಾಡುವುದು ಸಕಲೇಶಪುರದ ಕಡೆ, ಸುತ್ತಲೂ ಕಾಫಿ ತೋಟ. ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಬಂದ ಸಂಸಾರಗಳು ತೋಟದ ಲೈನ್ ಮನೆಗಳಲ್ಲಿವೆ. ಊರವರು ಯಾರನ್ನು ಕಂಡರೂ ಅಸ್ಸಾಮಿಗಳು ಅನ್ನುತ್ತಾರೆ. ಸ್ವಲ್ಪ ಸಿಟ್ಟು ಬಂದರೆ ಬಾಂಗ್ಲಾದವರು. ಕಣ್ಣು ಸಣ್ಣದಿದ್ದರೆ ನೇಪಾಳಿ. ಅವರ ಮಕ್ಕಳು ನಮ್ಮ ಶಾಲೆಗೆ ಬರುತ್ತಾರೆ. ಒಂದು ದಿನ ಎಂಟನೇ ಕ್ಲಾಸಿನಲ್ಲಿ ಮಕ್ಕಳಿಗೆ ಹೇಳಿದೆ: ದೂರದ ಊರಿಂದ ತೋಟಕ್ಕೆ ಬಂದವರಿಗೆ ಇಲ್ಲಿ ಎಲ್ಲಕ್ಕಿಂತ ದೊಡ್ಡ ಕಷ್ಟ ಏನಿರಬಹುದು? ಅವರ ಜಾಗದಲ್ಲಿ ನೀವಿದ್ದೀರಿ ಅಂದುಕೊಂಡು ಒಂದು ಹಾಳೆಯಲ್ಲಿ ಬರೆಯಿರಿ.

ಮಕ್ಕಳು ಮನಸ್ಸಿಟ್ಟು ಬರೆದರು. ಜಿಗಣೆ ಕಾಟ ಅಂತ ಒಬ್ಬಳು. ಚಳಿ ಅಂತ ಒಬ್ಬ. ಕನ್ನಡ ಬರಲ್ಲ, ಅಂಗಡಿಯಲ್ಲಿ ಮೋಸ ಮಾಡ್ತಾರೆ ಅಂತ ಇನ್ನೊಬ್ಬ. ಅಜ್ಜಿ ನೆನಪಾಗ್ತಾರೆ ಅಂತ ಬಹಳ ಜನ. ಮುದ್ದೆ ನುಂಗೋಕೆ ಬರಲ್ಲ ಅಂತಲೂ ಒಬ್ಬ ಬರೆದಿದ್ದ. ಎಲ್ಲವೂ ಪ್ರೀತಿಯಿಂದ ಬರೆದದ್ದೇ. ಕ್ಲಾಸಿನಲ್ಲಿ ಅಸ್ಸಾಮಿನಿಂದ ಬಂದ ಒಬ್ಬ ಹುಡುಗ ಇದ್ದ. ಅವನ ಹಾಳೆ ಖಾಲಿ. ಯಾಕಪ್ಪಾ ಅಂದೆ. 'ಅಮ್ಮನ್ನ ಕೇಳ್ಬೇಕು ಮಿಸ್' ಅಂದ.

ಮಾರನೇ ದಿನ ಕೇಳಿಕೊಂಡು ಬಂದ. 'ಮಳೆ ಅಂತೆ ಮಿಸ್. ಅಮ್ಮಂಗೆ ಮಳೆ ಅಂದ್ರೆ ಭಯ ಅಂತೆ.' ಮಲೆನಾಡಿನ ಮಕ್ಕಳು ನಕ್ಕರು. ಮಳೆಗೆ ಯಾರಾದ್ರೂ ಹೆದರ್ತಾರಾ? ನನಗೂ ಅರ್ಥ ಆಗಲಿಲ್ಲ. ಕೆಲವು ದಿನ ಬಿಟ್ಟು ಪೋಷಕರ ಸಭೆಗೆ ಆ ತಾಯಿ ಬಂದಾಗ ಕೇಳಿದೆ. ಅವರ ಮಾತನ್ನು ಹುಡುಗನೇ ಕನ್ನಡ ಮಾಡಿ ಹೇಳಿದ. ಅವರು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಇನ್ನೊಂದು ಕವರ್. ಅದರೊಳಗೆ ಮತ್ತೊಂದು, ರಬ್ಬರ್ ಬ್ಯಾಂಡ್ ಸುತ್ತಿದ್ದು. ಆಧಾರ್, ಓಟರ್ ಕಾರ್ಡು, ಅವರ ಅಪ್ಪನ ಹೆಸರಿದ್ದ ಒಂದು ಹಳೇ ಜಮೀನಿನ ಕಾಗದ. ಮಡಿಕೆಯಲ್ಲೆಲ್ಲ ಸವೆದು ಬಟ್ಟೆ ಥರ ಮೆತ್ತಗಾಗಿತ್ತು. ಒಂದು ಮೂಲೆಯಲ್ಲಿ ಮಸಿ ಹರಡಿತ್ತು.

ಅವರ ಊರು ಬ್ರಹ್ಮಪುತ್ರದ ನಡುಗಡ್ಡೆ. ಅಲ್ಲಿನ ನಡುಗಡ್ಡೆಗಳು ನಿಂತಲ್ಲಿ ನಿಲ್ಲುವ ನೆಲ ಅಲ್ಲ. ನದಿ ಒಂದು ಕಡೆ ಕೊರೆಯುತ್ತದೆ, ಇನ್ನೊಂದು ಕಡೆ ಮರಳು ತಂದು ಹಾಕುತ್ತದೆ. ಮನೆ, ಗದ್ದೆ ಎಲ್ಲ ನೀರು ಪಾಲು. ಅಂಥ ಕಡೆ ಕಾಗದ ಉಳಿಸಿಕೊಳ್ಳುವುದು ಅಂದರೆ ಏನು ಅಂತ ಯೋಚನೆ ಮಾಡಿ. ಯಾಕೆಂದರೆ ಅಸ್ಸಾಮಿನಲ್ಲಿ ಪೌರತ್ವ ಪಟ್ಟಿ ಮಾಡಿದಾಗ 1971ಕ್ಕಿಂತ ಹಿಂದಿನಿಂದ ನಿಮ್ಮ ಮನೆಯವರು ಇಲ್ಲೇ ಇದ್ದರು ಅಂತ ಕಾಗದ ತೋರಿಸಬೇಕಿತ್ತು. 2019ರ ಆಗಸ್ಟ್ 31ರಂದು ಕೊನೆಯ ಪಟ್ಟಿ ಬಂತು. 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಅದರಲ್ಲಿ ಇರಲಿಲ್ಲ. ಇವರ ಹೆಸರು ಇತ್ತು. ಆ ಮಸಿ ಹರಡಿದ ಕಾಗದದಿಂದಲೇ ಇತ್ತು.

ಲೈನ್ ಮನೆಯ ಶೀಟಿನ ಮೇಲೆ ಜೋರು ಮಳೆ ಬಿದ್ದರೆ ಅವರು ನಿದ್ದೆಯಲ್ಲೇ ಎದ್ದು ಕವರ್ ಇದೆಯಾ ಅಂತ ಮುಟ್ಟಿ ನೋಡುತ್ತಾರಂತೆ. ಹಣ್ಣು ಕುಯ್ಯುವಾಗಲೂ ಸೊಂಟದಲ್ಲಿ ಇರುತ್ತದೆ. ಯಾರು ಯಾವಾಗ ಬಂದು ಕೇಳುತ್ತಾರೋ ಗೊತ್ತಿಲ್ಲವಲ್ಲ. ಇಷ್ಟು ಹೇಳಿ ಅವರು ನನ್ನನ್ನೇ ಒಂದು ಮಾತು ಕೇಳಿದರು. ಹುಡುಗ ಸ್ವಲ್ಪ ಹಿಂಜರಿದು ಹೇಳಿದ: 'ನಿಮ್ ಕಾಗದ ಯಾರಾದ್ರೂ ಕೇಳಿದ್ದಾರಾ ಅಂತ ಕೇಳ್ತಿದ್ದಾರೆ ಮಿಸ್.' ಬಸ್ಸಿನಲ್ಲಿ ಶಕ್ತಿ ಯೋಜನೆಯ ಫ್ರೀ ಟಿಕೆಟ್‌ಗೆ ಆಧಾರ್ ತೋರಿಸುತ್ತೇನೆ, ಅದು ಬಿಟ್ಟರೆ ನಡುದಾರಿಯಲ್ಲಿ ನಿಲ್ಲಿಸಿ ಯಾರೂ ಕೇಳಿಲ್ಲ ಅಂದೆ. ಅವರು ತಲೆಯಾಡಿಸಿ ಕವರನ್ನು ಮತ್ತೆ ಒಂದರೊಳಗೊಂದು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ನೋಡಿ, ಕ್ಲಾಸಿನ ಅಷ್ಟೂ ಮಕ್ಕಳು ಅವರ ಜಾಗದಲ್ಲಿ ನಿಂತು ಯೋಚಿಸಿದ್ದರು. ಆದರೆ ಅವರ ಜಾಗಕ್ಕೆ ಹೋಗುವಾಗ ತಮ್ಮನ್ನೇ ಹೊತ್ತುಕೊಂಡು ಹೋದರು. ತಮಗೆ ಜಿಗಣೆ ಕಷ್ಟ, ಹಾಗಾಗಿ ಅವರಿಗೂ ಜಿಗಣೆ. ಕಾಗದದ ವಿಷಯ ಒಬ್ಬರ ತಲೆಗೂ ಬರಲಿಲ್ಲ. ಬರೋದಾದರೂ ಹೇಗೆ?

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ತಾಲ್ ಎಯಾಲ್, ಮೇರಿ ಸ್ಟೆಫೆಲ್, ನಿಕೊಲಸ್ ಎಪ್ಲಿ ಅನ್ನುವ ಮೂವರು 25 ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದರು. ಇನ್ನೊಬ್ಬರ ಜಾಗದಲ್ಲಿ ನಿಂತು ಊಹಿಸಿ ಅಂತ ಜನರಿಗೆ ಹೇಳಿದರೆ ಅವರ ಊಹೆ ಹೆಚ್ಚು ಸರಿಯಾಗುತ್ತದಾ ಅಂತ ನೋಡಿದರು. ಆಗಲಿಲ್ಲ. ಕೆಲವು ಕಡೆ ನನಗೆ ಗೊತ್ತು ಅನ್ನುವ ಧೈರ್ಯ ಮಾತ್ರ ಹೆಚ್ಚಾಯಿತು. ಗಂಡ ಹೆಂಡತಿಯ ನಡುವೆ ಕೂಡ ಅಷ್ಟೇ. ಸರಿಯಾದ ಉತ್ತರ ಸಿಕ್ಕಿದ್ದು ಒಂದೇ ದಾರಿಯಿಂದ. ಆ ಮನುಷ್ಯನನ್ನೇ ಕೇಳಿದಾಗ.

ನಾವೇ ನೋವು ತಿಂದಿದ್ದರೆ ಇನ್ನೊಬ್ಬರ ನೋವು ತಾನಾಗಿ ಗೊತ್ತಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದೂ ಪೂರ್ತಿ ನಿಜ ಅಲ್ಲ. ಗಾಂಧೀಜಿಯನ್ನೇ ನೋಡಿ. 1893ರಲ್ಲಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಜ್‌ಬರ್ಗ್‌ನಲ್ಲಿ ಮೊದಲ ದರ್ಜೆ ಟಿಕೆಟ್ ಇದ್ದರೂ ಬಣ್ಣದ ಕಾರಣಕ್ಕೆ ರೈಲಿನಿಂದ ಅವರನ್ನು ತಳ್ಳಿದ್ದು ಎಲ್ಲರಿಗೂ ಗೊತ್ತು. ಆಮೇಲೆ ಅಲ್ಲಿನ ಟ್ರಾನ್ಸ್‌ವಾಲ್ ಸೀಮೆಯ ಸರ್ಕಾರ ಭಾರತೀಯರು ಬೆರಳಚ್ಚು ಕೊಟ್ಟು ನೋಂದಣಿ ಕಾಗದ ಮಾಡಿಸಿ ಇಟ್ಟುಕೊಳ್ಳಬೇಕು ಅಂದಿತು. ಅದನ್ನು ಒಪ್ಪದೆ 1908ರ ಆಗಸ್ಟ್ 16ರಂದು ಜೊಹಾನ್ಸ್‌ಬರ್ಗ್‌ನ ಮಸೀದಿಯೊಂದರ ಮುಂದೆ ಅವರ ಜೊತೆಯವರು ಆ ಕಾಗದಗಳನ್ನು ದೊಡ್ಡ ಕಡಾಯಿಗೆ ಹಾಕಿ ಸುಟ್ಟರು. ಆದರೆ ಅದೇ 1908ರಲ್ಲಿ ಜೈಲಿಗೆ ಹೋದಾಗ, ತಮ್ಮನ್ನು ಆಫ್ರಿಕನ್ ಕೈದಿಗಳ ಸಾಲಿಗೆ ಸೇರಿಸಿದರು ಅಂತ ಅವರು ನೊಂದು ಬರೆದರು. ಆ ವರ್ಷಗಳಲ್ಲಿ ಆಫ್ರಿಕನ್ನರ ಬಗ್ಗೆ ಅವರು ಬರೆದ ಕೆಲವು ಮಾತು ಇವತ್ತು ಓದಿದರೆ ಮನಸ್ಸಿಗೆ ಕಷ್ಟ ಆಗುತ್ತದೆ. ಅದೇ ಕಾರಣಕ್ಕೆ 2018ರಲ್ಲಿ ಘಾನಾ ವಿಶ್ವವಿದ್ಯಾಲಯದಿಂದ ಅವರ ಪ್ರತಿಮೆಯನ್ನು ತೆಗೆದರು. ಗಾಂಧೀಜಿ ಮುಂದೆ ಬದಲಾದರು, ಮಂಡೇಲಾ ಅವರನ್ನು ಗೌರವದಿಂದ ನೆನೆದರು. ನನಗೂ ಅವರು ದೊಡ್ಡವರೇ. ಅಷ್ಟು ದೊಡ್ಡವರಿಗೆ, ಅದೂ ರೈಲಿನಿಂದ ತಳ್ಳಿಸಿಕೊಂಡವರಿಗೆ, ಪಕ್ಕದವರ ಬದುಕು ಕಾಣಲು ಕಾಲ ಬೇಕಾಯಿತು ಅಂದಮೇಲೆ ನಮ್ಮ ನಿಮ್ಮ ಊಹೆಯನ್ನು ಎಷ್ಟು ನಂಬಬಹುದು, ಹೇಳಿ.

ನನ್ನ ಮಾತು ಇಷ್ಟೇ. ಈಗ ನಿಮ್ಮ ಪ್ರಶ್ನೆ.

ಒಬ್ಬ ವಿದ್ಯಾರ್ಥಿ ಕೇಳಿದ: 'ಮೇಡಂ, ಎಲ್ಲಿಯವರು ಅಂತ ಕೇಳೋದೇ ಅವಮಾನ ಅಂತಾರಲ್ಲ? ನೀವು ಕೇಳಿ ಅಂತೀರ.'

ಒಳ್ಳೆ ಪ್ರಶ್ನೆ. ಕಾಗದ ಕೇಳುವವರು ಕೂಡ ಕೇಳುತ್ತಲೇ ಇರುತ್ತಾರೆ. ಅದು ವಿಚಾರಣೆ. ಉತ್ತರ ಏನೇ ಬಂದರೂ ಅವರ ಅನುಮಾನ ಅವರ ಜೊತೆಗೇ ಇರುತ್ತದೆ. ಎದುರಿಗಿರುವವರು ತಿರುಗಿ ಕೇಳಿದರೆ ಸಿಟ್ಟು ಬರುತ್ತದೆ. ನಾನು ಹೇಳುತ್ತಿರುವುದು ತಿರುಗಿ ಕೇಳಿಸಿಕೊಳ್ಳಲು ತಯಾರಾಗಿ ಕೇಳುವುದು. ಆ ತಾಯಿ ನನ್ನನ್ನು ಕೇಳಿದರಲ್ಲ, ಹಾಗೆ. ಇನ್ನೊಂದು ವಿಷಯ. ಮೊದಲನೇ ದಿನವೇ ಮೂಲ, ಧರ್ಮ, ಜಾತಿ ಕೆದಕಬೇಡಿ. ಸಂತೆಯಲ್ಲಿ ಪಕ್ಕದಲ್ಲಿ ನಿಂತಿದ್ದರೆ ಮೀನು ಹೇಗೆ ಮಾಡ್ತೀರಿ ಅಂತ ಕೇಳಿ. ಮಗುವಿಗೆ ಜ್ವರ ಬಿಟ್ಟಿತಾ ಅಂತ ಕೇಳಿ. ಉಳಿದಿದ್ದು ಅವರಿಗೆ ಹೇಳಬೇಕು ಅನ್ನಿಸಿದಾಗ ಬರುತ್ತದೆ. ಬರದೇ ಇದ್ದರೆ ಅದೂ ಅವರ ಇಷ್ಟ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ದನಿಯಲ್ಲಿ ಸಿಟ್ಟಿತ್ತು. 'ನಮ್ಮಮ್ಮ ಇಪ್ಪತ್ತು ವರ್ಷದಿಂದ ತೋಟದ ಕೆಲಸಕ್ಕೆ ಹೋಗ್ತಾರೆ ಮೇಡಂ. ಇವರು ಬಂದ ಮೇಲೆ ಕುಯ್ಲಲ್ಲಿ ಅಮ್ಮನ್ನ ಕರೆಯೋದೇ ಕಡಿಮೆ ಮಾಡಿದ್ದಾರೆ. ನಮಗೆ ಸಿಟ್ಟು ಬಂದ್ರೆ ಅದೂ ತಪ್ಪಾ?'

ತಪ್ಪಲ್ಲಮ್ಮ. ನಿನ್ನ ಅಮ್ಮನ ಕಷ್ಟವನ್ನು ಯಾರಾದರೂ ಪೂರ್ವಗ್ರಹ ಅಂತ ತಳ್ಳಿಹಾಕಿದರೆ ನಾನು ಒಪ್ಪಲ್ಲ. ಅವರ ಬದುಕನ್ನು ಕೇಳಬೇಕು ಅಂದಮೇಲೆ ನಿನ್ನ ಅಮ್ಮನದನ್ನೂ ಕೇಳಬೇಕು. ಕುಯ್ಲಿನಲ್ಲಿ ಕೆಜಿ ಲೆಕ್ಕ. ಇಪ್ಪತ್ತರ ಹರೆಯದವರು ಕುಯ್ದಷ್ಟು ಐವತ್ತರ ಹೆಂಗಸಿಗೆ ಆಗಲ್ಲ. ತೋಟದವರು ಲೆಕ್ಕ ನೋಡುತ್ತಾರೆ. ಊರಿನ ಹುಡುಗರು ಓದಿ ಬೆಂಗಳೂರಿಗೆ ಹೋದರು, ಕೈ ಸಾಲಲಿಲ್ಲ ಅನ್ನುವುದೂ ನಿಜ. ಆದರೆ ಯಾರನ್ನು ಕರೆಯಬೇಕು, ಎಷ್ಟು ಕೊಡಬೇಕು ಅಂತ ತೀರ್ಮಾನ ಮಾಡುವುದು ಅಸ್ಸಾಮಿನ ಹೆಂಗಸಲ್ಲ, ಅಲ್ವಾ?

ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಅಂತ 1979ರಲ್ಲೇ ಒಂದು ಕಾನೂನು ಬಂತು. ಹೊರ ರಾಜ್ಯದಿಂದ ಜನ ತರುವ ಗುತ್ತಿಗೆದಾರ ಲೈಸೆನ್ಸ್ ಮಾಡಿಸಬೇಕು, ಬಂದು ಹೋಗುವ ಖರ್ಚು ಕೊಡಬೇಕು, ಅದೇ ಕೆಲಸಕ್ಕೆ ಇಲ್ಲಿನವರಿಗೆ ಕೊಡುವುದಕ್ಕಿಂತ ಕಡಿಮೆ ಕೂಲಿ ಕೊಡುವಂತಿಲ್ಲ ಅಂತ ಅದರಲ್ಲಿತ್ತು. ಆ ಕೊನೆಯ ಮಾತನ್ನು ಗಮನಿಸು. ಅದು ಅವರನ್ನು ಕಾಪಾಡಲು ಬರೆದದ್ದು, ಆದರೆ ನಿನ್ನ ಅಮ್ಮನನ್ನೂ ಕಾಪಾಡುತ್ತಿತ್ತು. ಕೂಲಿ ಸಮ ಇದ್ದರೆ ಕಡಿಮೆಗೆ ಸಿಗ್ತಾರೆ ಅಂತ ಅವರನ್ನು ತಂದು ಅಮ್ಮನನ್ನು ಬಿಡಿಸಲು ಆಗಲ್ಲ. ಆದರೆ ಅವರ ಕೈಗೆ ನಿಜವಾಗಿ ಎಷ್ಟು ಸೇರುತ್ತಿದೆ, ಮೇಸ್ತ್ರಿ ಮುಂಗಡದ ಲೆಕ್ಕದಲ್ಲಿ ಎಷ್ಟು ಮುರಿದುಕೊಳ್ಳುತ್ತಾನೆ ಅಂತ ಗೊತ್ತಿರುವುದು ಅವರಿಗೆ ಮಾತ್ರ. ಮುಂದಿನ ಬಟವಾಡೆ ದಿನ ಅಮ್ಮನ ಜೊತೆ ಲೈನಿಗೆ ಹೋಗಿ ಕೇಳು. ಅಮ್ಮನಿಗೆ ಎಷ್ಟು ಬಂತು ಅಂತ ನೀವೇ ಮೊದಲು ಹೇಳಿ, ಆಮೇಲೆ ಕೇಳಿ.